ಸೊಪ್ಪಿನ ಸತ್ತ್ವವೂ ರಕ್ತದ ಹೆಪ್ಪೂ ಸಣ್ಣ ಕರುಳೂ

ಬೆಳಗಾಗುವ ಹೊತ್ತಿಗೆ ಯಲಹಂಕದ ಹಳೆಯ ಊರಿನ ಬೀದಿಗಳಲ್ಲಿ ಸೊಪ್ಪು ಮಾರುವವರ ಕೂಗು ಇಂದಿಗೂ ಕೇಳಿಬರುವುದುಂಟು. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ, ಯಾವುದಾದರೊಂದರ ಕಟ್ಟು ಮನೆಯೊಳಕ್ಕೆ ಬಂದು ಈಳಿಗೆಮಣೆಯ ಮುಂದೆ ಸೇರುತ್ತದೆ. ಅವಸರದಲ್ಲಿ ಹೆಚ್ಚುವಾಗ ಗೃಹಿಣಿಯ ಬೆರಳು ತಾಗಿ ನಾಲ್ಕು ತೊಟ್ಟು ರಕ್ತ ಬರುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಆಕೆ ಬೆರಳನ್ನು ತೊಳೆದು, ಚಿಟಿಕೆ ಅರಿಸಿನವನ್ನು ಒತ್ತಿ, ಮತ್ತೆ ಕೆಲಸಕ್ಕೆ ಕೈಹಾಕುತ್ತಾಳೆ. ಐದಾರು ನಿಮಿಷಗಳಲ್ಲಿ ರಕ್ತವು ನಿಂತಿರುತ್ತದೆ. ಅರಿಸಿನವೇ ಅದನ್ನು ನಿಲ್ಲಿಸಿತೆಂದು ನಾವು ನಂಬುತ್ತೇವೆ. ಆದರೆ ರಕ್ತವು ಗಟ್ಟಿಯಾಗಿ ಹೆಪ್ಪುಗಟ್ಟುವುದಕ್ಕೆ ಬೇಕಾದ ಒಂದು ಸತ್ತ್ವವು ಆಕೆ ಹೆಚ್ಚುತ್ತಿದ್ದ ಸೊಪ್ಪಿನಲ್ಲಿಯೇ ಇದ್ದಿತೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಆ ಸತ್ತ್ವದ ಹೆಸರು ವಿಟಮಿನ್ ಕೆ. ಉಳಿದ ಜೀವಸತ್ತ್ವಗಳ ವಿಷಯವನ್ನು ನಮ್ಮ ವಾಚಕರು ಬಹಳವಾಗಿ ಕೇಳಿದ್ದಾರೆ. ಕಣ್ಣಿಗೆ ಎ, ಮೂಳೆಗೆ ಡಿ, ಒಸಡಿಗೆ ಸಿ ಎಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಕೆ ಎಂಬುದರ ಹೆಸರು ಮಾತ್ರ ಮನೆಗಳಲ್ಲಿ ವಿರಳವಾಗಿ ಬರುತ್ತದೆ. ಬಂದರೂ ಆಸ್ಪತ್ರೆಯಲ್ಲಿ, ಗಾಬರಿಯ ಗಳಿಗೆಯಲ್ಲಿ ಬರುತ್ತದೆ. ಹಾಗಾಗುವ ಮೊದಲೇ ಇದರ ಪರಿಚಯವನ್ನು ಮಾಡಿಕೊಂಡಿರುವುದು ಸಂಸಾರಸ್ಥರಿಗೆ ಹಿತವೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಅದರಲ್ಲಿಯೂ ಈ ಸತ್ತ್ವಕ್ಕೂ ಸಣ್ಣ ಕರುಳಿಗೂ ಇರುವ ಸಂಬಂಧವನ್ನು ವಿಶದಪಡಿಸುವುದು ನಮ್ಮ ಉದ್ದೇಶ. ಆ ಸಂಬಂಧವನ್ನು ಅರಿತ ಮನೆಯವರು ಕಷ್ಟಕಾಲದಲ್ಲಿ ಆಡುವ ಒಂದು ಮಾತು ಜೀವವನ್ನು ಉಳಿಸಬಲ್ಲುದು.

ರಕ್ತವು ಹೆಪ್ಪುಗಟ್ಟುವ ಬಗೆ

ಗಾಯವಾದ ಕೂಡಲೆ ರಕ್ತದಲ್ಲಿರುವ ಅತಿ ಸಣ್ಣ ತಟ್ಟೆಗಳಂತಹ ಕಣಗಳು ಓಡಿಬಂದು ರಂಧ್ರಕ್ಕೆ ಅಡ್ಡ ನಿಲ್ಲುತ್ತವೆ. ಇದು ಮೊದಲ ಕಾವಲು. ಆದರೆ ಈ ಅಡ್ಡಗಟ್ಟೆ ಬಲು ಸಡಿಲವಾದುದು. ಅದನ್ನು ಬಿಗಿಯಾಗಿ ಕಟ್ಟುವುದಕ್ಕೆ ನೂಲಿನ ಬಲೆಯಂತಹ ಹೆಪ್ಪು ಬೇಕು. ಈ ಬಲೆಯನ್ನು ನೆಯ್ಯುವ ಕೆಲಸಕ್ಕೆ ಅನೇಕ ಪ್ರೋಟೀನುಗಳು ಒಂದರ ಹಿಂದೊಂದು ಸೇರಬೇಕಾಗುವುದು. ಅವುಗಳ ಪೈಕಿ ನಾಲ್ಕು ಮುಖ್ಯವಾದವು: ಎರಡನೆಯದು, ಏಳನೆಯದು, ಒಂಬತ್ತನೆಯದು, ಹತ್ತನೆಯದು ಎಂದು ವೈದ್ಯರು ಅವನ್ನು ಎಣಿಕೆಯಿಂದ ಕರೆಯುತ್ತಾರೆ. ಇವು ನಾಲ್ಕೂ ಪಿತ್ತಜನಕಾಂಗದಲ್ಲಿ ತಯಾರಾಗುತ್ತವೆ. ನಾಲ್ಕಕ್ಕೂ ವಿಟಮಿನ್ ಕೆ ಅವಶ್ಯಕ.

ಇಲ್ಲಿ ಒಂದು ಸೂಕ್ಷ್ಮವುಂಟು. ವಿಟಮಿನ್ ಕೆ ಇಲ್ಲದಿದ್ದರೂ ಪಿತ್ತಜನಕಾಂಗವು ಈ ಪ್ರೋಟೀನುಗಳನ್ನು ತಯಾರಿಸಿಯೇ ತಯಾರಿಸುತ್ತದೆ. ಆದರೆ ಅವು ಕೆಲಸಕ್ಕೆ ಬಾರವು. ಉಳಿ ಹೊಡೆಸದ ಬೀಸುವ ಕಲ್ಲು ನೋಡುವುದಕ್ಕೆ ಕಲ್ಲಾಗಿಯೇ ಇರುತ್ತದೆ. ಗೂಟ ಹಿಡಿದು ತಿರುಗಿಸಿದರೆ ತಿರುಗುತ್ತದೆ. ಆದರೆ ರಾಗಿಯು ಹಿಟ್ಟಾಗುವುದಿಲ್ಲ. ವಿಟಮಿನ್ ಕೆ ಈ ಪ್ರೋಟೀನುಗಳಿಗೆ ಉಳಿ ಹೊಡೆಯುವ ಕಲ್ಲುಕುಟಿಗನಂತೆ. ಅದು ಉಳಿ ಹೊಡೆದ ಮೇಲೆಯೇ ಅವು ರಕ್ತದಲ್ಲಿನ ಸುಣ್ಣದ ಅಂಶವನ್ನು ಹಿಡಿದುಕೊಂಡು ಗಾಯದ ಜಾಗದಲ್ಲಿ ಕಚ್ಚಿ ನಿಲ್ಲಬಲ್ಲವು. ಈ ಗುಟ್ಟು ವಿಜ್ಞಾನಿಗಳಿಗೆ ಸ್ಪಷ್ಟವಾಗಿ ತಿಳಿದುದು ೧೯೭೪ರಲ್ಲಿ.

ದಿನಕ್ಕೆ ಬೇಕಾದ ಪ್ರಮಾಣವಾದರೋ ಅತ್ಯಲ್ಪ. ಒಂದು ಗ್ರಾಂ ತೂಕವನ್ನು ಹತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಹೆಚ್ಚುಕಡಮೆ ಸಮಾನ. ನಮ್ಮ ಸೀಮೆಯ ಬಸ್ಸಾರು, ಮಸ್ಸೊಪ್ಪುಗಳನ್ನು ಉಂಡವನಿಗೆ ಇಷ್ಟು ಸುಲಭವಾಗಿ ದೊರೆಯುತ್ತದೆ. ಬೇಯಿಸಿದುದರಿಂದ ಈ ಸತ್ತ್ವವು ಅಷ್ಟಾಗಿ ಹಾಳಾಗದು. ಇದು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವಂತಹುದಾದ ಕಾರಣ, ನಮ್ಮ ಹಿರಿಯರು ಹಾಕುತ್ತ ಬಂದ ಒಗ್ಗರಣೆಯು ಕೇವಲ ರುಚಿಗೆ ಮಾತ್ರವಲ್ಲದೆ ಈ ಸತ್ತ್ವವು ಮೈಗೆ ಹತ್ತುವುದಕ್ಕೂ ಸಹಾಯಕವಾಗಿದೆ. ಆದರೆ ಶರೀರದಲ್ಲಿ ಇದರ ಸಂಗ್ರಹವು ಬಹಳ ಕಡಮೆ. ಕಣಜದಲ್ಲಿ ತುಂಬಿಟ್ಟ ಧಾನ್ಯದಂತೆ ವರ್ಷಗಟ್ಟಲೆ ಬಾಳುವುದಿಲ್ಲ. ಅಂದಂದಿನ ಸಂಪಾದನೆಯ ಮೇಲೆ ನಡೆಯುವ ಸಂಸಾರದಂತೆ ಇದರ ಸ್ಥಿತಿ.

ಕೋಳಿಮರಿಯಿಂದ ಕೊಳೆತ ಹುಲ್ಲಿನವರೆಗೆ

ಇದನ್ನು ಕಂಡುಹಿಡಿದ ಕಥೆಯು ಸ್ವಾರಸ್ಯವಾಗಿದೆ. ೧೯೨೯ರ ಸುಮಾರಿನಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಯು ಕೋಳಿಮರಿಗಳಿಗೆ ಕೊಬ್ಬಿನ ಅಂಶವನ್ನು ತೆಗೆದ ಆಹಾರವನ್ನು ಕೊಟ್ಟು ಪರೀಕ್ಷಿಸುತ್ತಿದ್ದನು. ಕೆಲವು ವಾರಗಳಲ್ಲಿ ಮರಿಗಳ ಚರ್ಮದ ಕೆಳಗೆ, ಮಾಂಸದೊಳಗೆ ರಕ್ತವು ಸೋರತೊಡಗಿತು. ಆಗ ತಿಳಿದಿದ್ದ ಯಾವ ಜೀವಸತ್ತ್ವದಿಂದಲೂ ಅದು ವಾಸಿಯಾಗಲಿಲ್ಲ. ಹಸುರು ಎಲೆಯನ್ನೂ ಪಿತ್ತಜನಕಾಂಗವನ್ನೂ ತಿನ್ನಿಸಿದಾಗ ವಾಸಿಯಾಯಿತು. ೧೯೩೫ರಲ್ಲಿ ಡಾಮ್ ಈ ಹೊಸ ಸತ್ತ್ವಕ್ಕೆ ‘ಕೆ’ ಎಂಬ ಹೆಸರನ್ನಿಟ್ಟನು. ಹೆಪ್ಪುಗಟ್ಟುವುದನ್ನು ಸೂಚಿಸುವ ಅಲ್ಲಿಯ ಪದದ ಮೊದಲ ಅಕ್ಷರವದು. ೧೯೩೯ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿಯು ನಮ್ಮ ರೈತರು ಕುದುರೆಮೆಂತ್ಯವೆಂದು ಕರೆಯುವ ಮೇವಿನ ಸೊಪ್ಪಿನಿಂದ ಈ ಸತ್ತ್ವವನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದನು. ಇವರಿಬ್ಬರಿಗೂ ೧೯೪೩ರ ನೊಬೆಲ್ ಬಹುಮಾನವು ಸಂದಿತು.

ಇದೇ ಕಾಲದಲ್ಲಿ ಇದಕ್ಕೆ ವಿರೋಧವಾದ ಇನ್ನೊಂದು ವಸ್ತುವೂ ಬೆಳಕಿಗೆ ಬಂದಿತು. ಅಮೆರಿಕದ ಉತ್ತರ ಭಾಗದಲ್ಲಿ ದನಗಳು ಕಾರಣವಿಲ್ಲದೆ ರಕ್ತ ಸೋರಿ ಸಾಯುತ್ತಿದ್ದವು. ಮೆಂತ್ಯದ ದೂರದ ಬಂಧುವಾದ ‘ಸ್ವೀಟ್ ಕ್ಲೋವರ್’ ಎಂಬ ಮೇವಿನ ಗಿಡವನ್ನು ಒಣಗಿಸಿ ಮೆದೆ ಹಾಕಿದಾಗ, ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲನ್ನು ತಿಂದ ದನಗಳಿಗೇ ಹೀಗಾಗುತ್ತಿತ್ತು. ೧೯೩೩ರ ಚಳಿಗಾಲದಲ್ಲಿ ಒಬ್ಬ ರೈತನು ಹಿಮದ ಬಿರುಗಾಳಿಯಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದು, ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿ ತಂದು, ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಜ್ಞನ ಮುಂದೆ ಇಟ್ಟನು. ಲಿಂಕನೂ ಆತನ ಶಿಷ್ಯರೂ ಆರು ವರ್ಷಗಳ ದುಡಿಮೆಯಿಂದ ಆ ಕೊಳೆತ ಹುಲ್ಲಿನೊಳಗಿನ ವಿಷವನ್ನು ಬೇರ್ಪಡಿಸಿದರು. ಅದು ವಿಟಮಿನ್ ಕೆ ಮಾಡುವ ಕೆಲಸಕ್ಕೆ ಅಡ್ಡಿಯುಂಟುಮಾಡುವ ವಸ್ತು. ಅದರ ಜಾತಿಯ ಮತ್ತೊಂದನ್ನು ೧೯೪೮ರಲ್ಲಿ ‘ವಾರ್ಫರಿನ್’ ಎಂಬ ಹೆಸರಿನಿಂದ ಇಲಿಪಾಷಾಣವಾಗಿ ಮಾರಾಟಕ್ಕೆ ತಂದರು. ೧೯೫೪ರಲ್ಲಿ ಅದೇ ವಸ್ತುವು ಮನುಷ್ಯರ ಔಷಧವಾಯಿತು! ರಕ್ತನಾಳಗಳೊಳಗೆ ಬೇಡದ ಹೆಪ್ಪು ಕಟ್ಟಿ ಪ್ರಾಣಕ್ಕೆ ಅಪಾಯವಾಗುವವರಿಗೆ, ತಕ್ಕ ಅಳತೆಯಲ್ಲಿ ಕೊಟ್ಟಾಗ, ಅದು ನಿಜವಾಗಿಯೂ ಸಂಜೀವಿನಿ.

ಇಲಿಪಾಷಾಣದ ಮಾತು ಬಂದುದರಿಂದ ನಮ್ಮ ನೆರೆಯನ್ನು ನೆನೆಯಬೇಕು. ಹೆಬ್ಬಾಳವು ಬಹುಕಾಲದಿಂದ ಬೇಸಾಯದ ವಿದ್ಯೆಗೆ ತವರು. ೧೯೪೬ರಲ್ಲಿ ಅಲ್ಲಿ ಕೃಷಿ ಕಾಲೇಜೂ, ೧೯೫೮ರಲ್ಲಿ ಪಶುವೈದ್ಯ ಕಾಲೇಜೂ ಏರ್ಪಟ್ಟವು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಆರಂಭವಾಯಿತು. ಬಳ್ಳಾರಿ ರಸ್ತೆಯ ಪಕ್ಕದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹೊಲದ ಇಲಿ ಹೆಗ್ಗಣಗಳ ಹಾವಳಿಯನ್ನು ತಡೆಯುವ ವಿಷಯವಾಗಿ ಸಂಶೋಧನೆಗಳು ನಡೆದಿವೆ. ಇಂದು ಅಂಗಡಿಗಳಲ್ಲಿ ಬಿಲ್ಲೆಯ ರೂಪದಲ್ಲಿ ದೊರೆಯುವ ಬ್ರೋಮಡಿಯೋಲೋನ್ ಎಂಬ ಇಲಿಪಾಷಾಣವು ವಾರ್ಫರಿನ್ನಿನ ದಾಯಾದಿಯೇ, ಆದರೆ ಅದಕ್ಕಿಂತ ಬಲವಾದುದು. ಅದನ್ನು ತಿಂದ ನಾಯಿಯಾಗಲಿ ಮಗುವಾಗಲಿ ಅಂದು ಆಡಿಕೊಂಡೇ ಇರಬಹುದು. ಎರಡು ಮೂರು ದಿನಗಳಾದ ಮೇಲೆ ರಕ್ತಸ್ರಾವವು ತೋರುವುದು. ವಿಷದ ಪ್ರಭಾವವು ವಾರಗಟ್ಟಲೆ ನಿಲ್ಲುವುದು. ಅದಕ್ಕೆ ಪ್ರತಿವಿಷವು ನಮ್ಮ ವಿಟಮಿನ್ ಕೆ. ಮಗುವು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡಿತೆಂದು ಸಂಶಯ ಬಂದರೂ ಸಾಕು, ‘ಚೆನ್ನಾಗಿಯೇ ಇದೆಯಲ್ಲಾ’ ಎಂದು ಕಾಯದೆ, ಪೊಟ್ಟಣದೊಡನೆ ವೈದ್ಯರಲ್ಲಿಗೆ ಧಾವಿಸತಕ್ಕದ್ದು.

ಸಣ್ಣ ಕರುಳು ಮತ್ತು ಅದರ ತಡೆ

ಇನ್ನು ಕರುಳಿನ ವಿಷಯಕ್ಕೆ ಬರೋಣ. ಸಣ್ಣ ಕರುಳೆಂಬುದು ಹೆಸರಿಗೆ ಸಣ್ಣದು. ಉದ್ದದಲ್ಲಿ ಸುಮಾರು ೨೦ ಅಡಿ. ಉಂಡ ಅನ್ನದ ಸಾರವೆಲ್ಲ ಮೈಗೆ ಸೇರುವುದು ಬಹುಮಟ್ಟಿಗೆ ಇಲ್ಲಿಯೇ. ವಿಟಮಿನ್ ಕೆ ಕೂಡ ಇಲ್ಲಿಯೇ, ಪಿತ್ತರಸದ ಸಹಾಯದಿಂದ, ರಕ್ತಕ್ಕೆ ಸೇರುವುದು. ಪಿತ್ತರಸವು ಕರುಳಿಗೆ ಬಾರದಿದ್ದರೆ ಸೊಪ್ಪನ್ನು ಎಷ್ಟು ತಿಂದರೂ ಪ್ರಯೋಜನವಿಲ್ಲ. ಹಿಂದೆ ಪಿತ್ತನಾಳವು ಕಟ್ಟಿಕೊಂಡು ಕಾಮಾಲೆಯಾದವರಿಗೆ ಶಸ್ತ್ರಚಿಕಿತ್ಸೆ ಮಾಡಿದರೆ, ಶಸ್ತ್ರವು ಸರಿಯಾಗಿಯೇ ನಡೆದರೂ ಆಮೇಲೆ ರಕ್ತ ನಿಲ್ಲದೆ ಅನೇಕರು ಸಾಯುತ್ತಿದ್ದರು. ೧೯೩೮ರಲ್ಲಿ ಅಮೆರಿಕದ ವೈದ್ಯರು ಅಂಥವರಿಗೆ ಪಿತ್ತಲವಣದೊಡನೆ ಈ ಸತ್ತ್ವವನ್ನು ಕೊಟ್ಟು ಆ ಮರಣಗಳನ್ನು ತಡೆದರು.

ಸಣ್ಣ ಕರುಳಿನ ದಾರಿಯು ಯಾವ ಕಾರಣದಿಂದಲಾದರೂ ಮುಚ್ಚಿಹೋದರೆ ಅದನ್ನು ಕರುಳಿನ ತಡೆ ಎನ್ನುತ್ತೇವೆ. ಹಿಂದೆ ಎಂದೋ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಒಳಗೆ ಉಳಿದ ಅಂಟುಪಟ್ಟಿಗಳು ಕರುಳನ್ನು ಸುತ್ತಿಕೊಳ್ಳುವುದು ಇದಕ್ಕೆ ಅತಿ ಸಾಮಾನ್ಯವಾದ ಕಾರಣ. ತೊಡೆಯ ಸಂದಿನಲ್ಲಿ ಅಥವಾ ಹೊಕ್ಕುಳಲ್ಲಿ ಕರುಳು ಇಳಿದು ಸಿಕ್ಕಿಕೊಳ್ಳುವುದು ಮತ್ತೊಂದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಒಂದು ಕಾರಣವೆಂಬುದನ್ನು ಮರೆಯಲಾಗದು. ೧೯೫೯ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದೆ ಹೋಗಿಬರುವವರು ಕ್ಷಯವೆಂದರೆ ಎದೆಯ ಕೆಮ್ಮು ಎಂದು ಮಾತ್ರ ಎಣಿಸುತ್ತಾರೆ. ಅದು ಕರುಳಿಗೆ ತಗುಲಿ ದಾರಿಯನ್ನು ಕಿರಿದುಮಾಡುವುದೂ ಉಂಟು.

ತಡೆಯಾದಾಗ ಕಾಣುವ ಗುರುತುಗಳು ನಾಲ್ಕು. ಅಲೆ ಅಲೆಯಾಗಿ ಹಿಂಡಿ ಬಿಡುವ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಹೊಟ್ಟೆಯುಬ್ಬರ, ಮಲವೂ ವಾಯುವೂ ಹೋಗದಿರುವುದು. ದಿನವೊಂದಕ್ಕೆ ನಮ್ಮ ಜೀರ್ಣಾಂಗಗಳಲ್ಲಿ ಏಳೆಂಟು ಲೀಟರುಗಳಷ್ಟು ರಸವು ಸುರಿದು ಮತ್ತೆ ಹೀರಲ್ಪಡುತ್ತದೆ. ದಾರಿ ಕಟ್ಟಿದಾಗ ಈ ರಸವೆಲ್ಲ ಮಡುಗಟ್ಟಿ ವಾಂತಿಯಾಗಿ ಹೋಗುವುದರಿಂದ ರೋಗಿಯು ಬೇಗನೆ ಬತ್ತಿಹೋಗುತ್ತಾನೆ. ಕರುಳಿಗೆ ರಕ್ತ ತರುವ ನಾಳವೂ ಹಿಸುಕಿಹೋದರೆ ಕರುಳು ಸಾಯಲಾರಂಭಿಸುವುದು. ಆಗ ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯಾಗಬೇಕು. ನೋವು ಬಿಡದೆ ಒಂದೇ ಸಮನಾಗುವುದು, ಜ್ವರ, ಹೊಟ್ಟೆಯು ಹಲಗೆಯಂತೆ ಬಿರುಸಾಗುವುದು ಇದರ ಚಿಹ್ನೆಗಳು.

ಒಂದು ಮನೆಯ ದೃಷ್ಟಾಂತ

ರಕ್ತಕ್ಕೂ ಕರುಳಿನ ತಡೆಗೂ ಏನು ಸಂಬಂಧ? ಅದನ್ನು ತಿಳಿಯುವುದಕ್ಕಾಗಿ ವಾಚಕರು ಯಲಹಂಕದ ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಮನೆಯ ಯಜಮಾನರಿಗೆ ಅರುವತ್ತೈದು ವರ್ಷ. ಹತ್ತು ವರ್ಷದ ಕೆಳಗೆ ಹೃದಯದ ಕವಾಟವೊಂದನ್ನು ಬದಲಾಯಿಸಿ ಕೃತಕ ಕವಾಟವನ್ನಿಟ್ಟಿದ್ದಾರೆ. ಅಂದಿನಿಂದ ಪ್ರತಿದಿನ ಸಂಜೆ ಒಂದು ಮಾತ್ರೆ. ಜನರು ಅದನ್ನು ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತಾರೆ. ನಮ್ಮಲ್ಲಿ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಎಂಬವು ಸಾಮಾನ್ಯ. ಮಾತ್ರೆಯು ರಕ್ತವನ್ನು ನೀರಿನಂತೆ ತೆಳುಮಾಡುವುದಿಲ್ಲ. ವಿಟಮಿನ್ ಕೆ ಎಂಬ ಕಲ್ಲುಕುಟಿಗನ ಕೈಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ.

ಒಂದು ವಾರ ಅವರಿಗೆ ಭೇದಿಯಾಯಿತು. ಬೀದಿಯ ಕೊನೆಯ ಔಷಧದಂಗಡಿಯಲ್ಲಿ ಕೇಳಿ ಮೆಟ್ರೊನಿಡಜೋಲ್ ಮಾತ್ರೆಯನ್ನು ತಂದು ನುಂಗಿದರು. ಭೇದಿ ನಿಂತಿತು. ಆದರೆ ಈ ಔಷಧವು ಮೊದಲಿನ ಮಾತ್ರೆಯು ಮೈಯಲ್ಲಿ ಜೀರ್ಣವಾಗಿ ಹೋಗದಂತೆ ತಡೆದು ಅದರ ಬಲವನ್ನು ಹೆಚ್ಚಿಸುವುದು. ಅದು ಅವರಿಗೆ ಹೇಗೆ ತಿಳಿದೀತು? ಬಾಯಿ ತೊಳೆಯುವಾಗ ಒಸಡಿನಲ್ಲಿ ರಕ್ತ ಬಂದಿತು. ತೋಳಿನ ಮೇಲೆ ಪೆಟ್ಟಿಲ್ಲದೆ ನೀಲಿ ಮಚ್ಚೆ ಕಂಡಿತು. ಯಾರೂ ಗಮನಿಸಲಿಲ್ಲ. ಆರನೆಯ ದಿನ ಸಂಜೆ ಹೊಟ್ಟೆಯಲ್ಲಿ ತೀವ್ರವಾದ ನೋವು, ವಾಂತಿ, ಉಬ್ಬರ.

‘ವಾಯು ಕಟ್ಟಿದೆ, ಸ್ವಲ್ಪ ಹರಳೆಣ್ಣೆ ಕೊಡೋಣ’ ಎಂದರು ಮನೆಯಾಕೆ.

ಸೊಸೆಯು ತಡೆದಳು: ‘ಬೇಡಿ ಅತ್ತೆ, ವಾಂತಿಯೂ ಆಗುತ್ತಿದೆ, ಹೊಟ್ಟೆಯೂ ಉಬ್ಬಿದೆ, ಈಗ ಏನನ್ನೂ ಕುಡಿಸುವುದು ಬೇಡ. ಮಾವನವರ ಮಾತ್ರೆಯ ಚೀಟಿ ಎಲ್ಲಿದೆ ಹೇಳಿ, ಹೊಸದಾಗಿ ತಂದ ಮಾತ್ರೆಯನ್ನೂ ಕೊಡಿ. ಎರಡನ್ನೂ ತೆಗೆದುಕೊಂಡು ಹೋಗೋಣ.’

ಇದೇ ಆ ಜೀವ ಉಳಿಸುವ ಮಾತು. ಅದು ಏಕೆಂದರೆ, ಇಲ್ಲಿ ಕರುಳನ್ನು ಮುಚ್ಚಿದುದು ಅಂಟುಪಟ್ಟಿಯಲ್ಲ, ಗಂಟಲ್ಲ. ಕರುಳಿನ ಗೋಡೆಯೊಳಕ್ಕೇ ರಕ್ತವು ಸೋರಿ, ಗೋಡೆಯು ದಪ್ಪವಾಗಿ ಊದಿಕೊಂಡು ಒಳದಾರಿಯನ್ನು ಒತ್ತಿಬಿಟ್ಟಿದೆ. ರಕ್ತ ತೆಳು ಮಾಡುವ ಮಾತ್ರೆಯು ಅಳತೆ ಮೀರಿದಾಗ ಹೀಗಾಗುವುದುಂಟು. ಹೊರಗೆ ಒಂದು ತೊಟ್ಟೂ ರಕ್ತ ಕಾಣದೆ ಇರಬಹುದು; ವಾಂತಿ, ನೋವು, ಉಬ್ಬರಗಳು ಉಳಿದ ಕರುಳಿನ ತಡೆಯಂತೆಯೇ ಇರುತ್ತವೆ. ಮಾತ್ರೆಯ ವಿಷಯವು ತಿಳಿಯದೆ ಹೊಟ್ಟೆಯನ್ನು ಕೊಯ್ದರೆ, ಹೆಪ್ಪುಗಟ್ಟದ ಆ ರಕ್ತದಿಂದ ಶಸ್ತ್ರಚಿಕಿತ್ಸೆಯೇ ಅಪಾಯಕ್ಕೆ ಕಾರಣವಾದೀತು. ತಿಳಿದರೋ, ವೈದ್ಯರು ಮೊದಲು ರಕ್ತವನ್ನು ಪರೀಕ್ಷಿಸುತ್ತಾರೆ.

ಆ ಪರೀಕ್ಷೆಯ ಹೆಸರು ಐ.ಎನ್.ಆರ್. ಆರೋಗ್ಯವಂತರಲ್ಲಿ ಅದರ ಅಂಕೆಯು ಸುಮಾರು ೧. ಈ ಮಾತ್ರೆಯನ್ನು ಸೇವಿಸುವವರಲ್ಲಿ ಸಾಮಾನ್ಯವಾಗಿ ೨ರಿಂದ ೩ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಕೆಲವು ಬಗೆಯ ಕೃತಕ ಕವಾಟದವರಿಗೆ ಸ್ವಲ್ಪ ಮೇಲೆ. ನಮ್ಮ ದೃಷ್ಟಾಂತದ ಯಜಮಾನರಲ್ಲಿ ಅದು ಬಹಳ ಏರಿತ್ತು. ಸಿ.ಟಿ. ಸ್ಕ್ಯಾನ್ ಎಂಬ ಚಿತ್ರವನ್ನು ತೆಗೆದು ನೋಡಿದಾಗ ಕರುಳಿನ ಗೋಡೆಯಲ್ಲಿ ರಕ್ತವಿರುವುದು ಕಂಡಿತು. ಮಾತ್ರೆಯನ್ನು ನಿಲ್ಲಿಸಿ, ರಕ್ತನಾಳದ ಮೂಲಕ ವಿಟಮಿನ್ ಕೆ ಕೊಟ್ಟರು. ಆದರೆ ಅದು ಕೊಟ್ಟ ಕ್ಷಣದಲ್ಲಿಯೇ ಫಲ ಕೊಡುವುದಿಲ್ಲ. ಪಿತ್ತಜನಕಾಂಗವು ಹೊಸ ಪ್ರೋಟೀನುಗಳನ್ನು ಸಿದ್ಧಪಡಿಸಲು ಗಂಟೆಗಳು ಹಿಡಿಯುತ್ತವೆ. ಆ ನಡುವಣ ಹೊತ್ತಿಗೆ, ದಾನಿಗಳ ರಕ್ತದಿಂದ ಬೇರ್ಪಡಿಸಿದ, ಸಿದ್ಧ ಪ್ರೋಟೀನುಗಳುಳ್ಳ ಪ್ಲಾಸ್ಮಾವನ್ನು ಏರಿಸಿದರು. ಮೂಗಿನ ಮೂಲಕ ಕೊಳವೆಯಿಟ್ಟು ಹೊಟ್ಟೆಯ ರಸವನ್ನು ಹೊರತೆಗೆದು, ಬಾಯಿಗೆ ಏನೂ ಕೊಡದೆ, ನಾಳದಿಂದ ದ್ರವವನ್ನು ಕೊಡುತ್ತ ಬಂದರು. ಕತ್ತಿಯ ಹಂಗಿಲ್ಲದೆ ಕೆಲವು ದಿನಗಳಲ್ಲಿ ದಾರಿಯು ತೆರೆಯಿತು. ಈ ಬಗೆಯ ತಡೆಯಲ್ಲಿ ಹೆಚ್ಚು ಮಂದಿಗೆ ಹೀಗೆಯೇ ಗುಣವಾಗುವುದು. ಗೋಡೆಯೊಳಗಿನ ರಕ್ತವು ಪೂರ್ತಿ ಕರಗುವುದಕ್ಕೆ ಮಾತ್ರ ವಾರಗಳು ಬೇಕು. ಕರುಳು ಸತ್ತಿದ್ದರೆ ಅಥವಾ ರಕ್ತವು ನಿಲ್ಲದೆ ಹರಿಯುತ್ತಿದ್ದರೆ ಶಸ್ತ್ರವೇ ಗತಿಯೆಂಬುದನ್ನೂ ಹೇಳಬೇಕು.

ತಿರುವುಮುರುವಾದ ಇನ್ನೊಂದು ಮುಖವೂ ಇದೆ. ಆರ್.ಟಿ. ನಗರದ ಮತ್ತೊಂದು ಮನೆಯ ತಾಯಿಗೆ, ಹಳೆಯ ಶಸ್ತ್ರಚಿಕಿತ್ಸೆಯ ಅಂಟುಪಟ್ಟಿಯಿಂದ ಕರುಳಿನ ತಡೆಯಾಗಿ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದಾರೆಂದು ಭಾವಿಸೋಣ. ಆಕೆ ಯಾವ ತೆಳು ಮಾಡುವ ಮಾತ್ರೆಯನ್ನೂ ಸೇವಿಸಿದವರಲ್ಲ. ಆದರೆ ಹತ್ತು ದಿನ ಬಾಯಿಗೆ ಅನ್ನವಿಲ್ಲ, ಸೊಪ್ಪಿಲ್ಲ. ಕರುಳು ಹೀರುವ ಸ್ಥಿತಿಯಲ್ಲಿಲ್ಲ. ಕರುಳಿನೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ವಿಟಮಿನ್ ಕೆ ಜಾತಿಯ ಸತ್ತ್ವವನ್ನು ಸ್ವಲ್ಪಮಟ್ಟಿಗೆ ತಯಾರಿಸುತ್ತವೆ. ಬಲವಾದ ಜೀವಿನಿರೋಧಕ ಔಷಧಗಳಿಂದ ಅವೂ ಅಳಿದಿವೆ. ಮೊದಲೇ ಸಂಗ್ರಹವಿಲ್ಲದ ಸಂಸಾರಕ್ಕೆ ಮೂರು ಕಡೆಯಿಂದಲೂ ಆದಾಯ ನಿಂತಂತಾಯಿತು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿರುವುದು, ಮೂಗಿನಿಂದ ರಕ್ತ, ಮೂತ್ರದಲ್ಲಿ ಕೆಂಪು ಇಂತಹವು ಕಂಡರೆ ಅದನ್ನು ಕೂಡಲೆ ವೈದ್ಯರ ಗಮನಕ್ಕೆ ತರತಕ್ಕದ್ದು. ಇಂಥವರಿಗೆ ವೈದ್ಯರು ನಾಳದ ಮೂಲಕವೇ ಈ ಸತ್ತ್ವವನ್ನು ಪೂರೈಸುತ್ತಾರೆ.

ಹೀಗೆ ಕರುಳು ಕೆಟ್ಟರೆ ರಕ್ತವು ಹೆಪ್ಪುಗಟ್ಟದಾಗಬಹುದು. ರಕ್ತವು ಹೆಪ್ಪುಗಟ್ಟದಿದ್ದರೆ ಕರುಳು ಕಟ್ಟಿಕೊಳ್ಳಬಹುದು. ಎರಡರ ನಡುವೆಯೂ ನಿಂತಿರುವುದು ಒಂದೇ ಸತ್ತ್ವ.

ಎಳೆಯ ಕೂಸಿನ ವಿಷಯ

ವಿಟಮಿನ್ ಕೆ ಕೊರತೆಗೆ ಅತಿ ಸುಲಭವಾಗಿ ತುತ್ತಾಗುವವರು ನಮ್ಮ ಮನೆಗಳ ಹಸುಗೂಸುಗಳು. ತಾಯಿಯ ಗರ್ಭದಲ್ಲಿರುವಾಗ ಈ ಸತ್ತ್ವವು ಮಾಸನ್ನು ದಾಟಿ ಮಗುವಿಗೆ ಬರುವುದು ಬಹಳ ಕಡಮೆ. ಹುಟ್ಟಿದ ಕೂಸಿನ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಇನ್ನೂ ನೆಲೆಸಿರುವುದಿಲ್ಲ. ಅಮೃತಸಮಾನವಾದ ತಾಯಿಯ ಹಾಲಿನಲ್ಲಿಯೂ ಈ ಸತ್ತ್ವವು ಅತ್ಯಲ್ಪ. ಹಾಗೆಂದು ಎದೆಹಾಲನ್ನು ಬಿಡಿಸಬೇಕೆಂದು ಯಾರೂ ತಪ್ಪು ತಿಳಿಯಬಾರದು. ಕೊರತೆಯನ್ನು ತುಂಬುವ ಉಪಾಯವು ಅತಿ ಸುಲಭವಾಗಿದೆ. ಹುಟ್ಟಿದ ಕೂಡಲೆ ತೊಡೆಗೆ ಕೊಡುವ ಒಂದೇ ಚುಚ್ಚುಮದ್ದು, ಅದರಲ್ಲಿ ೧ ಮಿಲಿಗ್ರಾಂ ವಿಟಮಿನ್ ಕೆ. ಒಂದು ಕಿಲೋಗ್ರಾಮಿಗಿಂತ ಕಡಮೆ ತೂಗುವ ಕೂಸಿಗೆ ಅದರ ಅರ್ಧ.

೧೮೯೪ರಲ್ಲಿಯೇ ಬಾಸ್ಟನ್ ನಗರದ ಚಾರ್ಲ್ಸ್ ಟೌನ್‌ಸೆಂಡ್ ಎಂಬ ವೈದ್ಯನು ಹುಟ್ಟಿದ ಮೊದಲ ವಾರದಲ್ಲಿ ಕೂಸುಗಳಿಗೆ ಆಗುವ ಈ ರಕ್ತಸ್ರಾವವನ್ನು ವರ್ಣಿಸಿದ್ದನು. ಕಾರಣವು ಆಗ ತಿಳಿದಿರಲಿಲ್ಲ. ಎರಡನೆಯ ವಾರದಿಂದ ಆರು ತಿಂಗಳೊಳಗೆ ಬರುವ ಬಗೆಯು ಇನ್ನೂ ಘೋರವಾದುದು. ಅದರಲ್ಲಿ ರಕ್ತವು ತಲೆಯೊಳಗೆ ಸೋರುವುದು ಹೆಚ್ಚು. ಭಾರತ ಸರಕಾರವು ೨೦೧೪ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹೆರಿಗೆಯ ಆಸ್ಪತ್ರೆಗಳಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಈ ಚುಚ್ಚುಮದ್ದು ಸಲ್ಲಬೇಕು. ಬಾಣಂತಿಯು ತವರಿಗೆ ಹೊರಡುವ ಮೊದಲು, ‘ಮಗುವಿಗೆ ವಿಟಮಿನ್ ಕೆ ಕೊಟ್ಟಿದ್ದೀರಾ?’ ಎಂದು ಅಜ್ಜಿಯಾದವರು ದಾದಿಯನ್ನು ಒಮ್ಮೆ ಕೇಳಿ, ಬಿಡುಗಡೆಯ ಚೀಟಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಹೊಕ್ಕುಳಿನಲ್ಲಿ ಅಥವಾ ಮಲದಲ್ಲಿ ರಕ್ತ, ಕಾರಣವಿಲ್ಲದ ನೀಲಿ ಮಚ್ಚೆ, ಎರಡು ವಾರ ಕಳೆದರೂ ಹೋಗದ ಕಾಮಾಲೆಯೊಡನೆ ಸುಣ್ಣದಂತೆ ಬಿಳಿಚಿದ ಮಲ, ಹಾಲು ಬಿಟ್ಟು ಮಂಕಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆಯುತ್ತ ಕಾಲ ಕಳೆಯಬಾರದು.

ಸಂಸಾರಸ್ಥರು ನೆನಪಿಡತಕ್ಕ ಮಾತುಗಳು

ರಕ್ತ ತೆಳು ಮಾಡುವ ಮಾತ್ರೆಯನ್ನು ಸೇವಿಸುವವರು ಮನೆಯಲ್ಲಿದ್ದರೆ, ಆ ಮಾತ್ರೆಯ ಹೆಸರು, ಪ್ರಮಾಣ, ಕಡೆಯ ಐ.ಎನ್.ಆರ್. ಅಂಕೆ ಮತ್ತು ಅದನ್ನು ಬರೆದುಕೊಟ್ಟ ವೈದ್ಯರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಅವರ ಜೇಬಿನಲ್ಲಿ ಒಂದು, ದೇವರ ಗೂಡಿನ ಬಳಿ ಒಂದು ಇಡಿರಿ. ಹೊಟ್ಟೆನೋವೆಂದು ಹೋದರೂ, ಹಲ್ಲು ಕೀಳಿಸಲು ಹೋದರೂ, ಮೊದಲು ತೋರಿಸತಕ್ಕದ್ದು ಆ ಚೀಟಿ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ, ಭೇದಿಯ ಮಾತ್ರೆ, ಜೀವಿನಿರೋಧಕ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಅವರಿಗೆ ಕೊಡಬಾರದು.

ಈಗ ಬಳಕೆಗೆ ಬಂದಿರುವ ಎಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಾಟ್ರಾನ್ ಮೊದಲಾದ ಹೊಸ ಮಾತ್ರೆಗಳೂ, ಆಸ್ಪಿರಿನ್ನೂ ಬೇರೆ ದಾರಿಯಿಂದ ಕೆಲಸ ಮಾಡುವುವು. ಅವುಗಳಿಂದಾದ ರಕ್ತಸ್ರಾವಕ್ಕೆ ವಿಟಮಿನ್ ಕೆ ಪ್ರತಿಮದ್ದಲ್ಲ. ಆದಕಾರಣ ‘ರಕ್ತದ ಮಾತ್ರೆ’ ಎಂದಷ್ಟೇ ಹೇಳಿದರೆ ಸಾಲದು, ಹೆಸರೇ ಬೇಕು.

ಸೊಪ್ಪಿನ ವಿಷಯದಲ್ಲಿ ಅನೇಕರು ಗಾಬರಿಪಟ್ಟು ಅದನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತಾರೆ. ಅದು ಅವಶ್ಯವಿಲ್ಲ. ಒಂದು ವಾರ ಉಪವಾಸ, ಇನ್ನೊಂದು ವಾರ ದಿನಕ್ಕೆರಡು ಹೊತ್ತು ಸೊಪ್ಪಿನ ಸಾರು ಎಂಬ ಏರುಪೇರು ಕೂಡದು. ವಾರವಾರವೂ ಹೆಚ್ಚುಕಡಮೆ ಒಂದೇ ಅಳತೆಯಲ್ಲಿ ತಿನ್ನುತ್ತ ಬಂದರೆ ವೈದ್ಯರು ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ. ರಕ್ತ ಬಂದಿತೆಂದು ತಾವಾಗಿಯೇ ವಿಟಮಿನ್ ಕೆ ಮಾತ್ರೆಯನ್ನು ನುಂಗುವುದೂ ತಪ್ಪು. ಅದು ಅತಿಯಾದರೆ ಕೃತಕ ಕವಾಟದ ಮೇಲೆ ಹೆಪ್ಪು ಕಟ್ಟಿ ಬೇರೊಂದು ವಿಪತ್ತು ಬಂದೀತು. ಮಾತ್ರೆಯನ್ನು ತಾವೇ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಹೊಟ್ಟೆನೋವಿನೊಡನೆ ವಾಂತಿಯೂ ಉಬ್ಬರವೂ ಇದ್ದಾಗ ಹರಳೆಣ್ಣೆ, ಭೇದಿಯ ಗುಳಿಗೆ, ಎನಿಮಾ ಯಾವುದೂ ಬೇಡ. ಕಟ್ಟಿದ ದಾರಿಯ ಮೇಲೆ ಒತ್ತಡ ತರುವುದೆಂದರೆ ಒಡಕಿಗೆ ಆಹ್ವಾನವಿತ್ತಂತೆ. ಬಾಯಿಗೆ ಏನನ್ನೂ ಕೊಡದೆ ಆಸ್ಪತ್ರೆಗೆ ಹೊರಡಬೇಕು. ಯಲಹಂಕದ ಕಡೆಯಿಂದ ನಗರದೊಳಕ್ಕೆ ಬರುವವರು ಹೆಬ್ಬಾಳದ ಮೇಲುಸೇತುವೆಯ ಬಳಿಯ ವಾಹನಗಳ ಸಂದಣಿಯನ್ನು ಬಲ್ಲರು. ಅಲ್ಲಿ ಕಳೆದುಹೋಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು, ‘ಬೆಳಗಾಗಲಿ ನೋಡೋಣ’ ಎನ್ನದೆ ಸಕಾಲದಲ್ಲಿ ೧೦೮ಕ್ಕೆ ಕರೆ ಮಾಡುವುದು ಲೇಸು.

ನಾಳೆ ಬೆಳಗ್ಗೆ ಮತ್ತೆ ಸೊಪ್ಪಿನವಳು ಬಾಗಿಲಿಗೆ ಬರುವಳು. ಕಟ್ಟನ್ನು ಕೊಂಡು ಈಳಿಗೆಮಣೆಯ ಮುಂದೆ ಕುಳಿತಾಗ, ಮನೆಯಲ್ಲಿ ಯಾರು ಯಾವ ಮಾತ್ರೆಯನ್ನು ಸೇವಿಸುತ್ತಿದ್ದಾರೆ, ಅದರ ಹೆಸರು ನಮಗೆ ಬಾಯಿಗೆ ಬರುವುದೇ ಎಂದು ಒಮ್ಮೆ ಯೋಚಿಸಿ ನೋಡಿರೆಂದು ನಮ್ಮ ಸೋದರ ಸೋದರಿಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಬಾರದಿದ್ದರೆ, ಸೊಪ್ಪು ಬೇಯುವಷ್ಟರಲ್ಲಿ ಎದ್ದು ಹೋಗಿ ಆ ಚೀಟಿಯನ್ನು ಬರೆದಿಡಬಹುದು.